ಸಂಜೆ ಬಿಚ್ಚಿದ ಬಾಯಿಕುಕ್ಕೆ: ಲ್ಯಾಮಿನೈಟಿಸ್ ಅಪಾಯದಲ್ಲಿದ್ದ ಒಂದು ಪೋನಿಯ ಪ್ರಕರಣ

ಹೆಸರು, ಜಾಗ, ಪೋನಿಯ ಬಣ್ಣ ಸೇರಿದಂತೆ ಗುರುತು ಹಿಡಿಯಬಹುದಾದದ್ದನ್ನೆಲ್ಲ ಈ ಬರಹದಿಂದ ತೆಗೆದಿದ್ದೇನೆ. ಪೋನಿ ಅಂದರೆ ಗಿಡ್ಡ ತಳಿಯ ಕುದುರೆ. ಈ ಪೋನಿಯನ್ನು ಗುಂಡಮ್ಮ ಅಂತ ಕರೆಯೋಣ. ಅದರ ಮೈ ನೋಡಿದ್ದರೆ ನೀವೂ ಅದೇ ಹೆಸರು ಇಡುತ್ತಿದ್ದಿರಿ. ಚಿಕಿತ್ಸೆ ಮಾಡಿದ ಪಶುವೈದ್ಯ ನಾನೇ, ನಡುವೆ ತಪ್ಪು ಮಾಡಿದವನೂ ನಾನೇ. ಬರೆಯುವುದಕ್ಕೆ ಅದೂ ಒಂದು ಕಾರಣ.

ಹಿನ್ನೆಲೆ

ಗುಂಡಮ್ಮನಿಗೆ 14 ವರ್ಷ. ಮನೆಯ ಮಕ್ಕಳು ಸವಾರಿ ಕಲಿತದ್ದು ಅದರ ಬೆನ್ನ ಮೇಲೆ. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು. ಪೋನಿಯ ಕೆಲಸ ನಿಂತಿತು, ಮೇವು ನಿಲ್ಲಲಿಲ್ಲ. ಹಗಲೂ ರಾತ್ರಿ ಹುಲ್ಲುಗಾವಲಲ್ಲೇ ವಾಸ, ಜೊತೆಗೆ ಒಂದು ಮುದಿ ಕುದುರೆ. ಆ ಕುದುರೆ ಬಡಕಲು, ಅದಕ್ಕೆ ದಿನಾ ಎರಡು ಹೊತ್ತು ಕೈತಿಂಡಿ. ಅದರ ಹಲ್ಲಿನ ಸಂದಿಯಿಂದ ಉದುರಿದ್ದನ್ನೆಲ್ಲ ಗುಂಡಮ್ಮ ಹೆಕ್ಕಿ ತಿಂದು ಮುಗಿಸುತ್ತಿತ್ತು.

ಮೊದಲು ಎಚ್ಚರಿಸಿದವರು ಲಾಳ ಕಟ್ಟುವವರು. "ಡಾಕ್ಟ್ರೇ, ಗೊರಸಿನ ಮೇಲೆ ಬಳೆ ಬಳೆಯಾಗಿ ಗೆರೆ ಎದ್ದಿವೆ. ಮುಂದೆ ಒತ್ತೊತ್ತಾಗಿವೆ, ಹಿಮ್ಮಡಿ ಕಡೆಗೆ ಅಗಲ ಆಗ್ತಾ ಹೋಗಿವೆ. ಅಡಿಯಲ್ಲಿ ಬಿಳಿಗೆರೆ ಹಿಗ್ಗಿದೆ, ಅದರಲ್ಲಿ ರಕ್ತದ ಕಲೆ ಬೇರೆ. ಪೋನಿ ಕುಂಟ್ತಿಲ್ಲ, ಆದ್ರೂ ನೀವೊಮ್ಮೆ ನೋಡಿ" ಅಂದರು. ಅವರು ಹೇಳಿದ್ದು ಹಳೆಯ ಲ್ಯಾಮಿನೈಟಿಸ್‌ನ, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತದ, ಗುರುತು. ಯಾರ ಕಣ್ಣಿಗೂ ಬೀಳದೆ ಬಂದು ಹೋದ ಸಣ್ಣ ಸಣ್ಣ ಪೆಟ್ಟುಗಳು ಗೊರಸಿನಲ್ಲಿ ಹಾಗೇ ಬರೆದಿಟ್ಟಂತೆ ಉಳಿದುಬಿಡುತ್ತವೆ. ಕುಂಟುತ್ತಿಲ್ಲವಲ್ಲ ಎಂದು ನಾನು ನಾಲ್ಕು ದಿನ ತಡ ಮಾಡಿದೆ.

ಹೋಗಿ ನೋಡಿದಾಗ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿಕೊಂಡು ನಿಂತಿತ್ತು. ತಿರುಗಿಸಲು ಹೋದರೆ ಕಾದ ಹೆಂಚಿನ ಮೇಲೆ ಕಾಲಿಟ್ಟಂತೆ ಚಿಕ್ಕ ಚಿಕ್ಕ ಹೆಜ್ಜೆ. ಮುಂಗಾಲಿನ ಗಂಟಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಹೊಡೆದು ಹೊಡೆದು ಬರುತ್ತಿತ್ತು. ಆರೋಗ್ಯವಾಗಿರುವ ಕುದುರೆಯಲ್ಲಿ ಆ ನಾಡಿಯನ್ನು ಹುಡುಕಿ ಹಿಡಿಯಬೇಕಾಗುತ್ತದೆ.

ಎದೆಯ ಸುತ್ತ ಟೇಪು ಹಿಡಿದು ಅಂದಾಜಿಸಿದ ತೂಕ 312 ಕಿಲೋ. ಇರಬೇಕಾದದ್ದು 270ರ ಆಸುಪಾಸು. ಮೈಯ ಕೊಬ್ಬು ಅಳೆಯುವ ಮೈಕಟ್ಟಿನ ಅಂಕ 9ಕ್ಕೆ 8. ಪಕ್ಕೆಲುಬು ಕಾಣುವ ಮಾತು ಬಿಡಿ, ಒತ್ತಿದರೂ ಸಿಗುತ್ತಿರಲಿಲ್ಲ. ಜೂಲಿನ ಬುಡದ ಕೊಬ್ಬು ಗಟ್ಟಿಯಾಗಿ ದಿಣ್ಣೆಯಂತೆ ಎದ್ದಿತ್ತು, ಕೈಯಲ್ಲಿ ಹಿಡಿದು ಅಲುಗಿಸಲು ಆಗದಷ್ಟು. ಎಕ್ಸ್‌ರೇಯಲ್ಲಿ ಗೊರಸಿನೊಳಗಿನ ಮೂಳೆ ಎಡಗಾಲಲ್ಲಿ 5 ಡಿಗ್ರಿ, ಬಲಗಾಲಲ್ಲಿ 3 ಡಿಗ್ರಿ ತಿರುಗಿತ್ತು. ರಕ್ತದಲ್ಲಿ ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 118 ಮೈಕ್ರೋಯೂನಿಟ್. ಬರೀ ಒಣಹುಲ್ಲು ತಿಂದಿರುವ ಕುದುರೆಯಲ್ಲಿ 50 ದಾಟಿದರೇ ಇನ್ಸುಲಿನ್ ಹಿಡಿತ ತಪ್ಪಿದೆ ಎಂಬುದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ವಯಸ್ಸು ನೋಡಿ ಪಿಟ್ಯುಟರಿ ಗ್ರಂಥಿಯ ಕಾಯಿಲೆ ಇದೆಯೋ ಎಂದು ಆ ಗ್ರಂಥಿಯ ಹಾರ್ಮೋನಾದ ಎಸಿಟಿಎಚ್‌ನ ಪರೀಕ್ಷೆಯನ್ನೂ ಮಾಡಿಸಿದೆ. ಅದು ಆ ಋತುವಿಗೆ ಇರಬೇಕಾದ ಮಿತಿಯೊಳಗೇ ಇತ್ತು.

ಇನ್ಸುಲಿನ್‌ಗೂ ಗೊರಸಿಗೂ ಏನು ಸಂಬಂಧ ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಕುದುರೆಯ ಪೂರ್ತಿ ಭಾರ ಹೊರುವ ಮೂಳೆ ಗೊರಸಿನ ಗೋಡೆಗೆ ನೇತುಬಿದ್ದಿರುತ್ತದೆ. ನೂರಾರು ತೆಳು ಪದರಗಳು ಒಂದರೊಳಗೊಂದು ಹೆಣೆದುಕೊಂಡು ಅದನ್ನು ಹಿಡಿದಿರುತ್ತವೆ. ರಕ್ತದಲ್ಲಿ ಇನ್ಸುಲಿನ್ ಬಹಳ ಹೊತ್ತು ಏರಿಕೊಂಡೇ ಇದ್ದರೆ ಈ ಪದರಗಳು ಹಿಗ್ಗಿ ಸಡಿಲವಾಗುತ್ತವೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಪೋನಿಗಳಿಗೆ ಸತತವಾಗಿ ಇನ್ಸುಲಿನ್ ಕೊಟ್ಟಾಗ 72 ಗಂಟೆಯೊಳಗೆ ಲ್ಯಾಮಿನೈಟಿಸ್ ಬಂತು. ಹಾಗಾಗಿ ಗುಂಡಮ್ಮನ ಕಾಯಿಲೆ ಕಾಣುತ್ತಿದ್ದದ್ದು ಕಾಲಲ್ಲಿ, ಹುಟ್ಟುತ್ತಿದ್ದದ್ದು ಹುಲ್ಲಿನ ಸಕ್ಕರೆಯಲ್ಲಿ.

ಕಟ್ಟಬೇಡಿ ಎಂದ ಮೊದಲ ದಿನ

ಮಾಲೀಕರು ಆಗಲೇ ಎಲ್ಲೋ ಓದಿಕೊಂಡು ಒಂದು ಬಾಯಿಕುಕ್ಕೆ ತರಿಸಿಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. "ಇವತ್ತಿಂದಾನೇ ಕಟ್ಟಿ ಬಿಡ್ಲಾ ಡಾಕ್ಟ್ರೇ? ಗಾವಲಲ್ಲಿ ಇದ್ರೆ ಅದಕ್ಕೂ ಬೇಜಾರಿರಲ್ಲ."

ಬಾಯಿಕುಕ್ಕೆ ಅಂದರೆ ಕಣ ತುಳಿಯುವ ಎತ್ತು ನೆನಪಾಗುತ್ತದೆ. ಆ ಕುಕ್ಕೆ ಕಟ್ಟುವುದು ತಿನ್ನದಿರಲಿ ಅಂತ. ಈ ಕುಕ್ಕೆಯ ಕೆಲಸ ಬೇರೆ. ತಳದಲ್ಲಿ ಒಂದು ತೂತು ಇರುತ್ತದೆ, ಅದರೊಳಗೆ ತೂರಿ ಬಂದ ಹುಲ್ಲಿನ ತುದಿಯನ್ನಷ್ಟೇ ಕುದುರೆ ಕಚ್ಚಬಹುದು. ಅಡ್ಡಾಡಬಹುದು, ನೀರು ಕುಡಿಯಬಹುದು, ಜೊತೆಯವರೊಂದಿಗೆ ಇರಬಹುದು, ತುತ್ತು ಮಾತ್ರ ಸಣ್ಣದು. ಎಷ್ಟು ಕಡಿಮೆಯಾಗುತ್ತದೆ ಎಂಬುದು ಹುಲ್ಲಿನ ಮೇಲೆ, ತೂತಿನ ಮೇಲೆ, ಕುದುರೆಯ ಜಾಣತನದ ಮೇಲೆ ನಿಂತಿದೆ. ಅಧ್ಯಯನಗಳಲ್ಲಿ ಶೇ. 30ರಿಂದ ಶೇ. 80ರವರೆಗೂ ಅಂಕಿ ಸಿಗುತ್ತದೆ.

ನಾನು ಬೇಡ ಎಂದೆ. ಕಾಯಿಲೆ ಉರಿಯುತ್ತಿರುವಾಗ ಪೋನಿ ನಡೆಯುವುದೇ ಅಪಾಯ. ಸಡಿಲವಾದ ಪದರಗಳ ಮೇಲೆ ಒಂದೊಂದು ಹೆಜ್ಜೆಯೂ ಮೂಳೆಯನ್ನು ಜಗ್ಗುತ್ತದೆ. ಆ ಹೊತ್ತಿನಲ್ಲಿ ಹಸಿಹುಲ್ಲು ಶೇ. 30 ಕಡಿಮೆಯಾದರೆ ಸಾಲದು, ಪೂರ್ತಿ ನಿಲ್ಲಬೇಕು. ಕುಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳುವ ಸಾಮಾನು, ಬಿದ್ದ ಬೆಂಕಿ ಆರಿಸುವುದಲ್ಲ. ಈ ಒಂದು ನಿರ್ಧಾರದ ಬಗ್ಗೆ ನನಗೆ ಆಗಲೂ ಈಗಲೂ ಎರಡನೇ ಯೋಚನೆ ಬಂದಿಲ್ಲ.

ಮುಂದಿನ ಒಂಬತ್ತು ವಾರ ಲಾಯದೊಳಗೆ ಕಳೆಯಿತು. ಮೊಣಕಾಲುದ್ದ ಮೆತ್ತನೆಯ ಹಾಸು, ಮುಂಗಾಲಿಗೆ ಪ್ಯಾಡು, ನೋವು ಇಳಿಸುವ ಔಷಧ, ಲಾಳದವರಿಂದ ಗೊರಸಿನ ಮುಂತುದಿಯನ್ನು ಹಂತ ಹಂತವಾಗಿ ತಗ್ಗಿಸುವುದು. ಒಣಹುಲ್ಲು ತೂಗಿ, ನೀರಲ್ಲಿ ನೆನೆಸಿ, ನೀರು ಚೆಲ್ಲಿ ಕೊಡುವುದು. ಉಪವಾಸ ಕೆಡವಲಿಲ್ಲ. ದಪ್ಪ ಪೋನಿಯನ್ನು ಹಸಿವಿಗೆ ಹಾಕಿದರೆ ಮೈಯ ಕೊಬ್ಬು ಒಮ್ಮೆಲೇ ರಕ್ತಕ್ಕೆ ಇಳಿದು ಪ್ರಾಣಕ್ಕೇ ಬರುತ್ತದೆ. ಮೈತೂಕದ ಶೇ. 1.5ರಷ್ಟು ಒಣಮೇವು ಎಂಬ ಲೆಕ್ಕ ಇಟ್ಟುಕೊಂಡೆವು. ಒಂಬತ್ತು ವಾರದ ಕೊನೆಗೆ ತೂಕ 296, ಇನ್ಸುಲಿನ್ 38. ಔಷಧವಿಲ್ಲದೆ ಗಟ್ಟಿ ನೆಲದ ಮೇಲೆ ಸಲೀಸಾಗಿ ನಡೆಯಿತು.

ಕುಕ್ಕೆಗೆ ಒಗ್ಗಿಸಿದ ಬಗೆ

ಇಲ್ಲಿ ಮಾಲೀಕರ ತಾಳ್ಮೆಯನ್ನು ಹೇಳಲೇಬೇಕು. ಮೊದಲ ಎರಡು ದಿನ ಕುಕ್ಕೆಯನ್ನು ಕಟ್ಟಲೇ ಇಲ್ಲ. ಅದನ್ನು ಬಟ್ಟಲಿನ ಹಾಗೆ ಹಿಡಿದು ತಳದಲ್ಲಿ ನಾಲ್ಕು ಎಳೆ ಒಣಹುಲ್ಲು ಹಾಕಿದರು. ಗುಂಡಮ್ಮ ತಾನಾಗಿಯೇ ಮೂತಿ ತೂರಿಸಿತು. ಮೂರನೇ ದಿನ ಐದು ನಿಮಿಷ ಪಟ್ಟಿ ಹಾಕಿದರು. ಆಮೇಲೆ ಗಾವಲಿಗೆ ಕರೆದೊಯ್ದು, ನೆಲದ ಮೇಲೆ ಕೂತು, ತೂತಿನೊಳಗೆ ಒಂದೊಂದೇ ಹುಲ್ಲಿನ ಕಡ್ಡಿ ಚುಚ್ಚಿ ತೋರಿಸಿಕೊಟ್ಟರು. ಕುಕ್ಕೆ ಕಟ್ಟಿದ ಕುದುರೆಗೆ ಮೊದಲು ಅರ್ಥವಾಗದಿರುವುದು ಇದೇ: ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಹುಲ್ಲು ಒಳಗೆ ಬರುತ್ತದೆ ಎಂಬುದು. ಅದು ತಿಳಿಯದ ಕುದುರೆ ಕಂಬಕ್ಕೆ ಮೂತಿ ತಿಕ್ಕಿ ಕುಕ್ಕೆ ಕೀಳುವುದನ್ನು ಕಲಿಯುತ್ತದೆ.

ಅಳತೆಯ ಬಗ್ಗೆ ನಾನು ಕಟ್ಟುನಿಟ್ಟು. ತುಟಿಗೂ ಕುಕ್ಕೆಯ ತಳಕ್ಕೂ ನಡುವೆ ಸುಮಾರು ಎರಡೂವರೆ ಸೆಂಟಿಮೀಟರ್ ಜಾಗ ಇರಬೇಕು. ಮೂಗಿನ ಹೊಳ್ಳೆಗೆ ಅಂಚು ತಾಗಬಾರದು. ಕುಕ್ಕೆಯನ್ನು ಹಿಡಿದಿಡುವ ತಲೆಪಟ್ಟಿಯಲ್ಲಿ, ಅಂದರೆ ಹಾಲ್ಟರಿನಲ್ಲಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಕಿತ್ತು ಹೋಗುವ ಒಂದು ತುಂಡು ಇರಲೇಬೇಕು, ಇಲ್ಲದಿದ್ದರೆ ಬೇಲಿಗೆ ಸಿಕ್ಕಿದ ಕುದುರೆ ಕುತ್ತಿಗೆ ಮುರಿದುಕೊಂಡೀತು. ಮೊದಲ ವಾರವೇ ಮೂಗಿನ ಮೇಲೆ ರೋಮ ಉದುರಿ ಚರ್ಮ ಕೆಂಪಾಯಿತು. ಅಲ್ಲಿ ಉಣ್ಣೆಯ ಪಟ್ಟಿ ಹೊಲಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಹೇಳಿಕೊಟ್ಟು, ಹೊರಡುವಾಗ ಒಂದು ಮಾತು ಹೇಳಿದೆ: "ಹಗಲು ಗಾವಲಿಗೆ ಬಿಡುವಾಗ ಕುಕ್ಕೆ ಕಟ್ಟಿ." ನನ್ನ ತಪ್ಪು ಆ ವಾಕ್ಯದಲ್ಲಿತ್ತು.

ತೂಕ ಏರಿತು

ಆರು ವಾರದ ನಂತರ ತೂಕ 301. ಒಂದು ದಿನವೂ ತಪ್ಪದೆ ಕುಕ್ಕೆ ಕಟ್ಟಿದ್ದಾರೆ, ಆದರೂ 5 ಕಿಲೋ ಹೆಚ್ಚು. ಟೇಪು ಎಲ್ಲೋ ಹೆಚ್ಚುಕಡಿಮೆ ಆಗಿರಬಹುದು ಎಂದುಕೊಂಡೆ. ರಕ್ತ ತೆಗೆದರೆ ಇನ್ಸುಲಿನ್ 74. ಟೇಪು ತಪ್ಪಬಹುದು, ಎರಡೂ ಸೇರಿ ತಪ್ಪುವುದಿಲ್ಲ. ಆ ವಾರ ಒಂದು ಬೆಳಿಗ್ಗೆ ಎಡಗಾಲಿನ ನಾಡಿ ಮತ್ತೆ ಜೋರಾಗಿ ಸಿಕ್ಕಿತು.

ಮಾಲೀಕರು ಸೋತುಹೋಗಿದ್ದರು. "ಕುಕ್ಕೆಯಿಂದ ಏನೂ ಉಪಯೋಗ ಇಲ್ಲ ಅನ್ಸುತ್ತೆ. ಇನ್ನು ಜೀವನಪೂರ್ತಿ ಲಾಯದಲ್ಲೇ ಇಡ್ಬೇಕಾ?"

ಉತ್ತರ ಹೇಳುವ ಬದಲು ನಾನು ಬೇಲಿಯ ಮೇಲೆ ಹತ್ತಿ ಕೂತೆ. ಗಡಿಯಾರ ನೋಡುತ್ತಾ ಗುಂಡಮ್ಮನ ತುತ್ತು ಎಣಿಸಿದೆ. ಹತ್ತು ನಿಮಿಷದಲ್ಲಿ ಬಾಯಿ ಆಡಿದ್ದು ಹನ್ನೊಂದು ಸಲ. ಕುಕ್ಕೆಯನ್ನು ನೆಲಕ್ಕೆ ಒತ್ತುತ್ತದೆ, ತಳ್ಳುತ್ತದೆ, ಉಸ್ಸೆಂದು ಧೂಳು ಊದುತ್ತದೆ, ಮುಂದೆ ಹೋಗುತ್ತದೆ. ಇಳಿದು ಹೋಗಿ ಹುಲ್ಲಿಗೆ ಬೆರಳು ಹಚ್ಚಿದೆ. ನಾಲ್ಕು ಸೆಂಟಿಮೀಟರ್ ಇದ್ದಿರಬೇಕು. "ಹುಲ್ಲು ಕಮ್ಮಿ ಇದ್ರೆ ಒಳ್ಳೇದಲ್ವಾ ಅಂತ ನಾನೇ ಮೆಷಿನ್ನಲ್ಲಿ ಕತ್ತರಿಸಿಬಿಟ್ಟೆ" ಅಂದರು.

ಕುಕ್ಕೆ ಇಲ್ಲದ ಕುದುರೆಗೆ ಸಣ್ಣ ಹುಲ್ಲು ಸಿಗುತ್ತದೆ, ಅದು ಬುಡಕ್ಕೇ ಹಲ್ಲು ಹಾಕುತ್ತದೆ. ಕುಕ್ಕೆ ಇರುವ ಕುದುರೆಗೆ ಹುಲ್ಲು ತೂತನ್ನು ಮುಟ್ಟಬೇಕು. ಹತ್ತರಿಂದ ಹದಿನೈದು ಸೆಂಟಿಮೀಟರ್ ನೆಟ್ಟಗೆ ನಿಂತ ಹುಲ್ಲು ಸಲೀಸಾಗಿ ಒಳಗೆ ಬರುತ್ತದೆ. ಅದಕ್ಕಿಂತ ಉದ್ದ ಬೆಳೆದು ಬಾಗಿದ್ದರೆ ಕುಕ್ಕೆಯ ಕೆಳಗೆ ಮಡಚಿಕೊಳ್ಳುತ್ತದೆ, ತೀರಾ ಸಣ್ಣದಿದ್ದರೆ ಒಳಗೆ ಬರುವುದೇ ಇಲ್ಲ. ಅಂದರೆ ಗುಂಡಮ್ಮ ಹಗಲಿಡೀ ಹೆಚ್ಚುಕಮ್ಮಿ ಉಪವಾಸ.

ಹಾಗಿದ್ದರೆ 5 ಕಿಲೋ ಎಲ್ಲಿಂದ ಬಂತು?

ಆಗ ಕೇಳಿದೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು: "ಕುಕ್ಕೆ ಯಾವಾಗ ಬಿಚ್ತೀರಿ?"

"ಸಂಜೆ ಐದಕ್ಕೆ. ಇಡೀ ದಿನ ಬಾಯಿ ಕಟ್ಟಿಸ್ಕೊಂಡಿರುತ್ತೆ ಪಾಪ, ಸಂಜೆ ಆದ್ರೂ ನೆಮ್ಮದಿಯಾಗಿ ನಾಲ್ಕು ತುತ್ತು ಮೇಯ್ಲಿ ಅಂತ. ರಾತ್ರಿ ಹತ್ತಕ್ಕೆ ಲಾಯಕ್ಕೆ ಕಟ್ತೀನಿ."

ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಹಗಲು ಕಟ್ಟಿ ಎಂದಿದ್ದೆ, ಹಗಲು ಕಟ್ಟಿದ್ದರು.

ಐದು ಗಂಟೆಯ ಲೆಕ್ಕ

ಬಿಸಿಲಿರುವಷ್ಟು ಹೊತ್ತು ಹುಲ್ಲು ಸಕ್ಕರೆ ತಯಾರಿಸುತ್ತದೆ, ರಾತ್ರಿ ಬೆಳೆಯುವುದಕ್ಕೆ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಸಕ್ಕರೆ ಅತಿ ಕಡಿಮೆ ಇರುವುದು ಬೆಳಕು ಹರಿಯುವಾಗ, ಅತಿ ಹೆಚ್ಚು ಇರುವುದು ಇಳಿಹೊತ್ತಿಗೆ. ನಾವು ಹುಲ್ಲಿನಲ್ಲಿ ಸಕ್ಕರೆ ಕಡಿಮೆ ಇದ್ದ ಹೊತ್ತಿಗೆ ಬಾಯಿ ಕಟ್ಟಿ, ತುಂಬಿದ ಹೊತ್ತಿಗೆ ಬಿಚ್ಚುತ್ತಿದ್ದೆವು.

ಅದರ ಮೇಲೆ ಹಸಿವು. ಹೊತ್ತು ಕಡಿಮೆ ಎಂದು ಪೋನಿಗೆ ಗೊತ್ತಾದರೆ ಅದು ತಿನ್ನುವ ವೇಗವೇ ಬೇರೆ. ದಿನಕ್ಕೆ 3 ಗಂಟೆ ಮಾತ್ರ ಗಾವಲಿಗೆ ಬಿಟ್ಟ ಪೋನಿಗಳು ಅಷ್ಟರಲ್ಲೇ ದಿನದ ಮೇವಿನ ಶೇ. 40ರಷ್ಟನ್ನು ತಿಂದದ್ದು ಅಧ್ಯಯನದಲ್ಲಿ ದಾಖಲಾಗಿದೆ. ಗುಂಡಮ್ಮನಿಗೆ ಸಿಗುತ್ತಿದ್ದದ್ದು ಐದು ಗಂಟೆ, ಅದೂ ಎಂಟು ಗಂಟೆ ಹಸಿದು ಕಾದ ಮೇಲೆ. ಅಂದು ಸಂಜೆ ಉಳಿದುಕೊಂಡು ನೋಡಿದೆ. ಪಟ್ಟಿಯ ಕೊಂಡಿ ಸಡಿಲವಾಗುತ್ತಲೇ ತಲೆ ತಗ್ಗಿಸಿತು. ಬೇಲಿಯಂಚಲ್ಲಿ ಮೆಷಿನ್ ಮುಟ್ಟದೆ ಉಳಿದಿದ್ದ ಹುಲ್ಲಿನ ಪಟ್ಟಿಗೆ ಹೋಗಿ ನಿಂತದ್ದು, ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ಬೇಲಿಯ ಮೇಲೆ ಕೂತವನಿಗೆ ಹುಲ್ಲು ಹರಿಯುವ ಸದ್ದು ಕೇಳಿಸುತ್ತಿತ್ತು.

ಈ ಹಂತದಲ್ಲಿ ಮೂರು ದಾರಿ ಇತ್ತು. ಕುಕ್ಕೆಯನ್ನು 24 ಗಂಟೆಯೂ ಕಟ್ಟಿಡುವುದು ಒಂದು. ಇದನ್ನು ಮಾಲೀಕರೇ ಕೇಳಿದರು, ನಾನು ಒಪ್ಪಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆಗಿಂತ ಹೆಚ್ಚು ಕಟ್ಟಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಮೂತಿಗೆ ಗಾಳಿ ಬೇಕು, ಜೊತೆಯ ಕುದುರೆಯ ಮೈ ಕೆರೆದುಕೊಡಲು ಹಲ್ಲು ಬೇಕು. ಗಾವಲನ್ನೇ ಬಿಡಿಸಿ ಲಾಯಕ್ಕೆ ಸೀಮಿತ ಮಾಡುವುದು ಇನ್ನೊಂದು. ತೂಕ ಇಳಿಯುತ್ತದೆ, ನಿಜ. ಆದರೆ ನಡೆದಾಡಿದರೆ ಇನ್ಸುಲಿನ್ ಹಿಡಿತಕ್ಕೆ ಬರಲು ಸಹಾಯ, ನಿಂತಲ್ಲೇ ನಿಂತ ಪೋನಿಗೆ ಅದು ತಪ್ಪುತ್ತದೆ. ನಾವು ಹಿಡಿದದ್ದು ಮೂರನೆಯದು: ಕುಕ್ಕೆ ಇಲ್ಲದ ಬಾಯಿ ಹಸಿಹುಲ್ಲಿನ ಮೇಲೆ ಒಂದು ನಿಮಿಷವೂ ಇರಬಾರದು.

ಗಾವಲಿನ ಒಂದು ಮೂಲೆಯಲ್ಲಿ ಹುಲ್ಲೇ ಇಲ್ಲದ ಮಣ್ಣಿನ ಅಂಗಳ ಮಾಡಿದರು. ಬೆಳಿಗ್ಗೆ ಐದೂವರೆಗೆ ಕುಕ್ಕೆ ಕಟ್ಟಿ ಹುಲ್ಲಿಗೆ, ಹತ್ತೂವರೆಗೆ ಅಂಗಳಕ್ಕೆ. ಅಂಗಳದ ಗೇಟು ಹಾಕಿದ ಮೇಲೆಯೇ ಕುಕ್ಕೆ ಬಿಚ್ಚುವುದು. ಅಲ್ಲಿ 4 ಕಿಲೋ ಒಣಹುಲ್ಲನ್ನು ಮೂರು ಸಣ್ಣ ಕಣ್ಣಿನ ಬಲೆಗಳಲ್ಲಿ ತುಂಬಿ ಮೂರು ಕಡೆ ನೇತುಹಾಕಿದರು, ಒಂದರಿಂದ ಇನ್ನೊಂದಕ್ಕೆ ನಡೆಯಲಿ ಅಂತ. ಒಣಹುಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿ ಸಕ್ಕರೆ ಮತ್ತು ಪಿಷ್ಟ ಸೇರಿ ಶೇ. 10ರ ಒಳಗಿದೆ ಎಂದು ಖಚಿತ ಮಾಡಿಕೊಂಡೆವು. ಖನಿಜ ಮತ್ತು ವಿಟಮಿನ್‌ನ ಪುಡಿ ದಿನಕ್ಕೊಂದು ಚಿಕ್ಕ ಅಳತೆ. ಮುದಿ ಕುದುರೆಯ ಕೈತಿಂಡಿಯ ಬುಟ್ಟಿ ಬೇಲಿಯ ಆಚೆಗೆ ಹೋಯಿತು. ಗಾವಲಿನ ಹುಲ್ಲನ್ನು ಮೂರು ವಾರ ಬೆಳೆಯಲು ಬಿಟ್ಟು, ಆಮೇಲೆಯೇ ಬೆಳಗಿನ ಮೇಯುವಿಕೆ ಶುರು ಮಾಡಿದೆವು. ರಾತ್ರಿ ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಮರುದಿನ ಗಾವಲು ರಜೆ. ಅಷ್ಟು ಚಳಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಹಗಲು ಮಾಡಿಟ್ಟ ಸಕ್ಕರೆ ಬೆಳಿಗ್ಗೆಯೂ ಹಾಗೇ ಉಳಿದಿರುತ್ತದೆ.

ಕುಕ್ಕೆಯೊಳಗಿಂದ ಎಷ್ಟು ಹುಲ್ಲು ಹೋಗುತ್ತದೆ ಎಂದು ತೂಗಲು ಬರುವುದಿಲ್ಲ. ಅದಕ್ಕೇ ಪ್ರತಿ ಭಾನುವಾರ ಟೇಪು ಹಿಡಿದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುವುದು ಎಂದು ಮಾಡಿದೆವು. ವಾರಕ್ಕೆ ಒಂದೂವರೆಯಿಂದ 3 ಕಿಲೋ ಇಳಿಯುತ್ತಿದ್ದರೆ ಏನನ್ನೂ ಮುಟ್ಟುವುದು ಬೇಡ.

ತೂತು ದೊಡ್ಡದಾದದ್ದು

ಎರಡು ತಿಂಗಳು ಇಳಿತ ಸಲೀಸಾಗಿತ್ತು, 285ಕ್ಕೆ ಬಂತು. ಆಮೇಲೆ ಮೂರು ಭಾನುವಾರ ಸತತವಾಗಿ ಅದೇ ಅಂಕಿ. ಒಣಹುಲ್ಲು ಕಡಿಮೆ ಮಾಡಲೇ ಎಂದು ಮಾಲೀಕರು ಫೋನ್ ಮಾಡಿದರು. ಈ ಸಲ ನಾನು ಸ್ವಲ್ಪ ಜಾಣನಾಗಿದ್ದೆ. ಮೊದಲು ಕುಕ್ಕೆಯನ್ನು ತಿರುಗಿಸಿ ನೋಡಿ ಎಂದೆ.

ಹೊಸದಿದ್ದಾಗ ತಳದ ತೂತಿಗೆ ಎರಡು ಬೆರಳು ಬಿಗಿಯಾಗಿ ಹೋಗುತ್ತಿತ್ತು. ಈಗ ಮೂರು ಬೆರಳು ಸಡಿಲವಾಗಿ ಆಡುತ್ತಿತ್ತು. ನೀರಿನ ತೊಟ್ಟಿಯ ಒರಟು ಅಂಚಿಗೆ ತಳವನ್ನು ಉಜ್ಜಿ ಉಜ್ಜಿ ಗುಂಡಮ್ಮ ರಬ್ಬರನ್ನೇ ಸವೆಸಿಬಿಟ್ಟಿತ್ತು. ಬೇಕೆಂದೇ ಮಾಡಿತೋ ಇಲ್ಲವೋ ನಾನು ಹೇಳಲಾರೆ. ಮಾಲೀಕರಿಗಂತೂ ಅನುಮಾನವೇ ಇಲ್ಲ. ಹೊಸ ಕುಕ್ಕೆ ಬಂತು, ತೊಟ್ಟಿಯ ಅಂಚಿಗೆ ಮರದ ಪಟ್ಟಿ ಬಂತು, ಭಾನುವಾರದ ಹಾಳೆಯಲ್ಲಿ "ತೂತು: ಎರಡು ಬೆರಳು" ಎಂಬ ಹೊಸ ಸಾಲು ಬಂತು. ಮುಂದಿನ ವಾರವೇ ಟೇಪು ಮತ್ತೆ ಕೆಳಗಿಳಿಯಿತು. ಅಂದೇ ಮುಂದಿನ ಹಲ್ಲುಗಳನ್ನೂ ನೋಡಿದೆ. ಕುಕ್ಕೆಯ ತಳಕ್ಕೆ ತಾಗಿ ಹಲ್ಲು ಸವೆಯುವುದುಂಟು. ಇಲ್ಲಿ ಅಷ್ಟಾಗಿರಲಿಲ್ಲ.

ಮುದಿ ಕುದುರೆಯದ್ದು ಇನ್ನೊಂದು ಕಥೆ. ಗುಂಡಮ್ಮನ ಕುತ್ತಿಗೆ ಕೆರೆಯುವ ನೆಪದಲ್ಲಿ ಪಟ್ಟಿಯನ್ನು ಹಲ್ಲಲ್ಲಿ ಹಿಡಿದು ಎಳೆಯುತ್ತಿತ್ತು. ಎರಡು ಸಲ ಕುಕ್ಕೆ ಒಂದು ಕಿವಿಗೆ ನೇತಾಡುತ್ತಾ ಸಿಕ್ಕಿತು. ಪಟ್ಟಿಯ ತುದಿಯನ್ನು ಜೂಲಿನ ಜೊತೆ ಸಣ್ಣದಾಗಿ ಹೆಣೆದ ಮೇಲೆ ಅದು ನಿಂತಿತು. ಹುಲ್ಲಿಗೆ ಬಿಟ್ಟ ಐದು ಗಂಟೆಯಲ್ಲಿ ಎರಡು ಸಲವಾದರೂ ಹೋಗಿ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇಂಥದ್ದಕ್ಕೇ.

ಏನಾಯಿತು, ನಾನು ಏನು ಬದಲಿಸಿಕೊಂಡೆ

ಹೊಸ ಪದ್ಧತಿ ಶುರುವಾಗಿ ನಾಲ್ಕೂವರೆ ತಿಂಗಳಿಗೆ ತೂಕ 272, ಇನ್ಸುಲಿನ್ 29. ಜೂಲಿನ ಬುಡದ ದಿಣ್ಣೆ ಮೆತ್ತಗಾಗಿ ಕೈಯಲ್ಲಿ ಅಲುಗುವಂತಾಯಿತು, ಪಕ್ಕೆಲುಬು ಬೆರಳಿಗೆ ಸಿಕ್ಕಿತು. 29 ಎಂದರೆ ಪೂರ್ತಿ ನಿರಾಳ ಎಂದಲ್ಲ, 20ರ ಕೆಳಗಿದ್ದರೆ ನನಗೆ ಇನ್ನೂ ಚೆನ್ನಾಗಿ ನಿದ್ದೆ ಬರುತ್ತಿತ್ತು. ಈ ಪೋನಿಯ ಮೈ ಸಕ್ಕರೆಗೆ ಹೀಗೆಯೇ ವರ್ತಿಸುತ್ತದೆ, ತೂಕ ಇಳಿದರೂ ಆ ಗುಣ ಪೂರ್ತಿ ಹೋಗುವುದಿಲ್ಲ. ಕುಕ್ಕೆ ಬಿಟ್ಟುಬಿಡಬಹುದಾ ಎಂದು ಮಾಲೀಕರು ಕೇಳಿದಾಗ ಇಲ್ಲ ಎಂದೆ. ಅವರು ವಾದ ಮಾಡಲಿಲ್ಲ.

ಮೊದಲ ಆರು ವಾರದ ತಪ್ಪನ್ನು ಮಾಲೀಕರ ಕರುಣೆಯ ಮೇಲೆ ಹಾಕುವುದು ಸುಲಭ. ನಾನು ಹಾಗೆ ನೋಡುವುದಿಲ್ಲ. ಕಟ್ಟುವುದನ್ನು ಒಂದು ಗಂಟೆ ವಿವರಿಸಿ ಬಿಚ್ಚುವುದರ ಬಗ್ಗೆ ಒಂದು ಮಾತೂ ಆಡದೆ ಬಂದವನು ನಾನು. ಮೂತಿಗೆ ಎರಡೂವರೆ ಸೆಂಟಿಮೀಟರ್ ಜಾಗ ಅಳೆದವನು ಕಾಲ ಕೆಳಗಿನ ಹುಲ್ಲಿನ ಎತ್ತರ ನೋಡಲಿಲ್ಲ. ಈಗ ಯಾವ ಲಾಯಕ್ಕೆ ಹೋದರೂ ಒಂದು ಹಾಳೆಯಲ್ಲಿ 24 ಮನೆ ಗೀಚಿ ಮಾಲೀಕರ ಕೈಗೆ ಕೊಡುತ್ತೇನೆ. ಯಾವ ಗಂಟೆಯಲ್ಲಿ ಪೋನಿ ಎಲ್ಲಿ, ಬಾಯಿಗೆ ಏನು ಸಿಗುತ್ತದೆ, ಕುಕ್ಕೆ ಇದೆಯೋ ಇಲ್ಲವೋ, ಅವರೇ ತುಂಬಬೇಕು. ಹೆಚ್ಚಿನ ಸಲ ತುಂಬುತ್ತಾ ತುಂಬುತ್ತಾ ಅವರೇ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ.

ಲ್ಯಾಮಿನೈಟಿಸ್ ಬಂದ ವಾರ ಗೊರಸಿನ ಮೇಲಂಚಿನಲ್ಲಿ ಮೂಡಿದ ಗೆರೆ ತಿಂಗಳಿಗೆ ಒಂದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಕೆಳಗಿಳಿಯುತ್ತಾ ಬಂತು. ಹನ್ನೊಂದನೇ ತಿಂಗಳಲ್ಲಿ ಅದು ನೆಲ ಮುಟ್ಟಿತು. ಅಂದು ಲಾಳದವರು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಮುಂತುದಿಯ ಅಂಚನ್ನು ಕತ್ತರಿಸಿ, ಬಿದ್ದ ತುಂಡನ್ನು ಹೆಕ್ಕಿ ನನ್ನ ಕೈಗೆ ಕೊಟ್ಟರು. ಅದರೊಳಗೆ ಹಿಗ್ಗಿದ ಬಿಳಿಗೆರೆ, ಕಂದು ತಿರುಗಿದ ರಕ್ತದ ಕಲೆ. ಕಾಲಲ್ಲಿ ಉಳಿದ ಗೊರಸಿನ ಗೆರೆಗಳನ್ನು ಅವರು ಬೆರಳಲ್ಲಿ ಸವರಿ ತೋರಿಸಿದರು. ಮುಂದಿನಿಂದ ಹಿಮ್ಮಡಿಯವರೆಗೂ ಒಂದೇ ಅಳತೆ.